ಡಿಕ್ಕಿಯೊಳಗಿನ 35 ಲೀಟರ್ ಗಾಳಿ

ಶಿರಸಿಯಿಂದ ಕುಮಟೆಗೆ ದೇವಿಮನೆ ಘಟ್ಟ ಇಳಿಯುವಾಗ ಅಕ್ಕನ ಮಗ ತನ್ನ ಕಾರಿನ ಹೊಸ ಸಬ್‌ವೂಫರ್, ಅಂದರೆ ಮಂದ್ರ ಸ್ವರಗಳಿಗೆಂದೇ ಇರುವ ಸ್ಪೀಕರ್, ಕೇಳಿಸಿದ. ಹಾಡಿನಲ್ಲಿ ಯಾವುದೋ ಒಂದು ಸ್ವರ ಬಂದಾಗ ಡಿಕ್ಕಿ ಗಡಗಡ ನಡುಗುತ್ತಿತ್ತು. ಉಳಿದ ಮಂದ್ರ ಸ್ವರಗಳಿಗೆ ಕಂಬಳಿ ಹೊದೆಸಿದಂತಿತ್ತು. "500 ವಾಟ್ ಮಾವ, ಆದರೂ ಹೀಗೆ" ಎಂದ. ಪೆಟ್ಟಿಗೆಯನ್ನು ಹೇಗೆ ಆರಿಸಿದೆ ಎಂದು ಕೇಳಿದೆ. ಅಂಗಡಿಯಲ್ಲಿ ಸಿದ್ಧವಿದ್ದದ್ದನ್ನೇ ಕೊಟ್ಟರಂತೆ, ಸ್ಪೀಕರ್ ತೂತಿನಲ್ಲಿ ಕೂತರೆ ಆಯಿತು ಎಂದರಂತೆ.

ಸ್ಪೀಕರನ್ನು ಪೆಟ್ಟಿಗೆಯಿಲ್ಲದೆ ಮೇಜಿನ ಮೇಲಿಟ್ಟು ನುಡಿಸಿ. ಕೋನ್, ಅಂದರೆ ಗಾಳಿಯನ್ನು ತಳ್ಳುವ ಅದರ ಆಲಿಕೆಯಾಕಾರದ ಪೊರೆ, ಕಣ್ಣಿಗೆ ಕಾಣುವಷ್ಟು ಅಲ್ಲಾಡುತ್ತದೆ, ಮಂದ್ರ ಮಾತ್ರ ಹುಟ್ಟುವುದಿಲ್ಲ. ಕೋನ್ ಮುಂದೆ ಬಂದಾಗ ಎದುರಿನ ಗಾಳಿ ಒತ್ತಿಕೊಳ್ಳುತ್ತದೆ, ಬೆನ್ನಿನ ಗಾಳಿ ಸಡಿಲವಾಗುತ್ತದೆ. 40 ಹರ್ಟ್ಸ್ ಸ್ವರದ ಅಲೆಯುದ್ದ ಸುಮಾರು ಎಂಟೂವರೆ ಮೀಟರ್. ಅಂಥ ಅಲೆಗೆ 12 ಇಂಚಿನ ಕೋನ್ ಒಂದು ತಡೆಯೇ ಅಲ್ಲ. ಮುಂದಿನ ಒತ್ತಡ ಅಂಚು ಬಳಸಿ ಹಿಂದಕ್ಕೆ ಹೋಗಿ ಲೆಕ್ಕ ಚುಕ್ತಾ ಮಾಡಿಬಿಡುತ್ತದೆ. ಪೆಟ್ಟಿಗೆಯ ಮೊದಲ ಕೆಲಸ ಆ ಕಳ್ಳದಾರಿಯನ್ನು ಮುಚ್ಚುವುದು.

ಇನ್ನೊಂದು ಕೆಲಸವೇ ಸ್ವಾರಸ್ಯದ್ದು. ಸೈಕಲ್ ಪಂಪಿನ ಬಾಯಿಗೆ ಹೆಬ್ಬೆರಳೊತ್ತಿ ಹಿಡಿಕೆಯನ್ನು ತಳ್ಳಿದರೆ ಅದು ತಿರುಗಿ ತಳ್ಳುತ್ತದಲ್ಲ, ಪೂರ್ತಿ ಮುಚ್ಚಿದ ಪೆಟ್ಟಿಗೆಯ ಗಾಳಿಯೂ ಹಾಗೆಯೇ ಕೋನಿಗೆ ಸ್ಪ್ರಿಂಗ್ ಆಗುತ್ತದೆ. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಈ ಗುಣವನ್ನೇ ಬಳಸಿ ಪುಟ್ಟ ಪೆಟ್ಟಿಗೆಯಿಂದ ಆಳವಾದ ಮಂದ್ರ ತೆಗೆದ. ಪೆಟ್ಟಿಗೆ ತೀರಾ ಚಿಕ್ಕದಾದರೆ ಸ್ಪ್ರಿಂಗ್ ಬಿಗಿಯಾಗಿ ಆಳದ ಸ್ವರಗಳು ಸೊರಗುತ್ತವೆ.

ಒಳಗಿನ ಗಾಳಿ ಹೊರಗೆ ಬಂದುಹೋಗಲು ಕೊಳವೆಯಿರುವ ಪೆಟ್ಟಿಗೆಯದು ಕೊಡದ ಸ್ವಭಾವ. ನಲ್ಲಿಯಡಿ ಕೊಡ ತುಂಬುತ್ತ ಬಂದಂತೆ ಸದ್ದು ತಾರಕ್ಕೇರುವುದನ್ನು ಅಡುಗೆಮನೆಯಿಂದಲೇ ಕೇಳಿ ಅಮ್ಮ "ತುಂಬಿತು, ನಿಲ್ಲಿಸು" ಎನ್ನುತ್ತಿದ್ದಳು. ಒಳಗಿನ ಗಾಳಿ ಕಡಿಮೆಯಾದಷ್ಟೂ ಸ್ವರ ಮೇಲಕ್ಕೆ. 19ನೆಯ ಶತಮಾನದಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಇದರ ಗಣಿತ ಬರೆದ. ಕೊಳವೆ ಗಿಡ್ಡವಾದರೂ ಸ್ವರ ಮೇಲೇರುತ್ತದೆ. ಹುಡುಗನ ಪೆಟ್ಟಿಗೆಯ ಕೊಳವೆ ಅಂಗೈಯುದ್ದವೂ ಇರಲಿಲ್ಲ. ಹಾಗಾಗಿ ಅದು ತನಗಿಷ್ಟವಾದ ಒಂದೇ ಸ್ವರವನ್ನು ಹಿಗ್ಗಿಸುತ್ತಿತ್ತು. ಅದಕ್ಕಿಂತ ತುಂಬ ಕೆಳಗಿನ ಸ್ವರಗಳಲ್ಲಿ ಕೋನಿಗೆ ಆಸರೆಯೇ ಇಲ್ಲ, ಹಗ್ಗ ಬಿಚ್ಚಿದ ಕರುವಿನಂತೆ ಕುಣಿಯುತ್ತದೆ.

ಯಾವ ಸ್ಪೀಕರಿಗೆ ಯಾವ ಪೆಟ್ಟಿಗೆ ಎಂಬುದನ್ನು 1961ರಲ್ಲಿ ಆಸ್ಟ್ರೇಲಿಯಾದ ನೆವಿಲ್ ಥೀಲ್, 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಕೆಲವೇ ಅಂಕಿಗಳಿಗೆ ಇಳಿಸಿದರು. ಅವು ಸ್ಪೀಕರಿನ ಜೊತೆಗಿನ ಚೀಟಿಯಲ್ಲಿರುತ್ತವೆ. ಜನ ವಾಟ್ ಓದಿ ಚೀಟಿ ಎಸೆಯುತ್ತಾರೆ, ನನ್ನ ಪ್ರಕಾರ ವಾಟೇ ಅದರಲ್ಲಿ ಕಡಿಮೆ ಉಪಯೋಗದ ಅಂಕಿ. ಕೋನಿನ ಅಲುಗಾಟ ಎಷ್ಟು ಬೇಗ ತಣಿಯುತ್ತದೆ ಎಂದು ಹೇಳುವ ಕ್ಯುಟಿಎಸ್ ಎಂಬ ಅಂಕಿ 0.4ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಕೊಳವೆಯ ಪೆಟ್ಟಿಗೆ ಹೊಂದುತ್ತದೆ, ಹೆಚ್ಚಿದ್ದರೆ ಮುಚ್ಚಿದ್ದು. ಹುಡುಗನ ಚೀಟಿ ಪುಣ್ಯಕ್ಕೆ ಗ್ಲೋವ್ ಬಾಕ್ಸಿನಲ್ಲಿ ಸಿಕ್ಕಿತು. ಕ್ಯುಟಿಎಸ್ 0.5, ಮುಚ್ಚಿದ ಪೆಟ್ಟಿಗೆ, 35 ಲೀಟರ್.

ಟೇಪ್ ಹಿಡಿದೆವು. ಹೊರಗಿನಿಂದ 50, 35, 30 ಸೆಂಟಿಮೀಟರ್. ಅಂದರೆ 52 ಲೀಟರ್, ಅಂಗಡಿಯವರು ಹೇಳಿದ್ದೂ ಅಷ್ಟೇ. ಆದರೆ ಹಲಗೆ 18 ಮಿಲಿಮೀಟರ್ ದಪ್ಪ. ಅದನ್ನು ಎರಡೂ ಬದಿಗೆ ಕಳೆದರೆ ಒಳಗೆ ಉಳಿಯುವುದು 38 ಲೀಟರ್ ಚಿಲ್ಲರೆ. ಸ್ಪೀಕರಿನ ಅಯಸ್ಕಾಂತ ಮತ್ತು ಕೋನನ್ನು ಹೊತ್ತ ಲೋಹದ ಬುಟ್ಟಿ ಎರಡು ಮೂರು ಲೀಟರ್ ತಿನ್ನುತ್ತವೆ. ಉಳಿದದ್ದು 35! ಹೊಸ ಪೆಟ್ಟಿಗೆ ಬೇಕಾಗಲೇ ಇಲ್ಲ. ಆಚಾರಿ ಕೊಳವೆ ಕಿತ್ತು ಬಾಯಿಗೆ ಪ್ಲೈವುಡ್ ಬಿಲ್ಲೆ ಬಡಿದ. ಮಳೆಗಾಲದಲ್ಲಿ ಮರದ ನಾರು ಒತ್ತಿ ಮಾಡಿದ ತಳದ ಎಂಡಿಎಫ್ ಹಲಗೆ ಉಬ್ಬಿ ಮೂಲೆಯ ಸಂದು ಬಿಟ್ಟಿತ್ತು, ಅದಕ್ಕೂ ಅಂಟು ತುಂಬಿದ. ಕಿರುಸಂದಿನಿಂದಲೂ ಗಾಳಿ ಸೋರಿ ಪಿಸುಗುಟ್ಟುತ್ತದೆ. ನಮ್ಮ ಕರಾವಳಿಗೆ ನೀರು ತಾಳುವ ಮರೈನ್ ಪ್ಲೈವುಡ್ ಲೇಸು.

ಆಂಪ್ಲಿಫೈಯರ್ ತಂತಿಯೂ ತೆಳ್ಳಗಿತ್ತು. 14 ವೋಲ್ಟಿನಲ್ಲಿ 500 ವಾಟ್ ಎಂದರೆ ನಷ್ಟ ಬಿಟ್ಟೇ 36 ಆಂಪಿಯರ್. ದಪ್ಪ ತಂತಿ ಎಳೆದು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕಿಸಿದೆವು.

ಮರಳಿ ಘಟ್ಟ ಹತ್ತುವಾಗ ಅದೇ ಹಾಡು. ಒಂದೊಂದು ಮಂದ್ರ ಸ್ವರವೂ ಬಿಡಿಬಿಡಿಯಾಗಿ ಬಂತು. ಜೊತೆಗೆ ಹಿಂದಿನ ನಂಬರ್ ಪ್ಲೇಟು ಗಿಲಿಗಿಲಿ ಎನ್ನುವುದೂ ಕೇಳಿಸಿತು. "ಇದು ಮೊದಲು ಇರಲಿಲ್ಲ ಮಾವ" ಎಂದ. ಇತ್ತು, ಆ ಗದ್ದಲದಲ್ಲಿ ಕೇಳಿಸುತ್ತಿರಲಿಲ್ಲ.