ಸರ್ವರ್ ಪ್ಯಾನಿಕ್ ಆಗುತ್ತಿದೆ, ಲಾಗ್ ಖಾಲಿ: ತಪ್ಪು ರೇಡ್ ಡ್ರೈವರ್‌ನದ್ದೋ, ಕಾರ್ಡ್‌ನದ್ದೋ?

ಪ್ರಶ್ನೆ: ನಮ್ಮ ಲಿನಕ್ಸ್ ಸರ್ವರ್ ಆಗಾಗ ತಾನಾಗಿಯೇ ರೀಬೂಟ್ ಆಗುತ್ತದೆ. ಒಮ್ಮೆ ಕನ್ಸೋಲ್‌ನಲ್ಲಿ ಕರ್ನಲ್ ಪ್ಯಾನಿಕ್ (ಕರ್ನಲ್ ಮುಂದುವರಿಯಲಾಗದೆ ನಿಂತುಬಿಡುವುದು) ಜತೆ ‘ಮೆಗಾರೇಡ್_ಸಾಸ್’ ಎಂಬ ಹೆಸರು ಕಂಡಿತು. ಅದು ನಮ್ಮ ರೇಡ್ ಕಾರ್ಡ್‌ನ, ಅಂದರೆ ಹಲವು ಡಿಸ್ಕ್‌ಗಳನ್ನು ಒಟ್ಟಾಗಿ ನಡೆಸುವ ಕಂಟ್ರೋಲರ್‌ನ, ಡ್ರೈವರ್. ಲಾಗ್ ಫೈಲ್‌ನಲ್ಲಿ ಮಾತ್ರ ಏನೂ ಇಲ್ಲ. ಡ್ರೈವರ್ ಬದಲಿಸಿದರೆ ಸಾಕೇ, ಕಾರ್ಡನ್ನೇ ಬದಲಿಸಬೇಕೇ?

ಉತ್ತರ: ಸದ್ಯಕ್ಕೆ ಎರಡನ್ನೂ ಮುಟ್ಟಬೇಡಿ. ಲಾಗ್ ಖಾಲಿಯಿರುವುದು ಸಹಜವೇ. ಅದನ್ನು ಬರೆಯಬೇಕಿದ್ದದ್ದು ಅದೇ ಕಂಟ್ರೋಲರ್‌ನ ಹಿಂದಿರುವ ಡಿಸ್ಕಿಗೆ. ಕಂಟ್ರೋಲರ್ ಸ್ತಬ್ಧವಾದ ಮೇಲೆ ಕರ್ನಲ್ ಹೇಳಿದ್ದೆಲ್ಲ ಮೆಮೊರಿಯಲ್ಲೇ ಉಳಿದು ರೀಬೂಟ್‌ನಲ್ಲಿ ಅಳಿಸಿಹೋಗುತ್ತದೆ. ಹಾಗಾಗಿ ಮೊದಲು ಆಗಬೇಕಾದದ್ದು, ಆ ಡಿಸ್ಕನ್ನು ನಂಬದೆ ಸಾಕ್ಷ್ಯ ಹೊರಬರುವ ದಾರಿ.

ಎಲ್ಲಕ್ಕಿಂತ ಸುಲಭದ್ದು ಬಿಎಂಸಿಯ (ಸರ್ವರ್ ಮೇಲೆ ನಿಗಾ ಇಡುವ ಪ್ರತ್ಯೇಕ ಚಿಪ್) ಈವೆಂಟ್ ಲಾಗ್. ಆ ಚಿಪ್ ಜತೆ ಮಾತಾಡುವ ಐಪಿಎಂಐ ಮೂಲಕ ಅದನ್ನು ಓದಿ. ರೀಬೂಟ್ ಆದ ಹೊತ್ತಿಗೆ ವಾಚ್‌ಡಾಗ್ (ಯಂತ್ರ ಸ್ತಬ್ಧವಾದರೆ ರೀಬೂಟ್ ಮಾಡಿಸುವ ಟೈಮರ್), ಪಿಸಿಐ ಫೇಟಲ್ ಎರರ್ ಅಥವಾ ವಿದ್ಯುತ್ ದೋಷ ದಾಖಲಾಗಿದ್ದರೆ ತನಿಖೆಯ ದಿಕ್ಕೇ ಬೇರೆಯಾಗುತ್ತದೆ.

ಮುಂದಿನದು ಕೆಡಂಪ್. ಪ್ಯಾನಿಕ್ ಆದೊಡನೆ, ಮೊದಲೇ ಕಾದಿರಿಸಿದ ಮೆಮೊರಿಯಲ್ಲಿ ಎರಡನೆಯ ಕರ್ನಲ್ ಎದ್ದು, ಸತ್ತ ಕರ್ನಲ್‌ನ ಮೆಮೊರಿಯನ್ನು ‘ವಿಎಂಕೋರ್’ ಎಂಬ ಡಂಪ್ ಫೈಲಾಗಿ ಬರೆಯುತ್ತದೆ. ಇಲ್ಲಿ ಬಹಳ ಜನ ಎಡವುವುದು ಎರಡು ಕಡೆ. ಈ ಎರಡನೆಯ (ಡಂಪ್) ಕರ್ನಲ್ ಕೂಡ ಅದೇ ಡ್ರೈವರನ್ನು ಲೋಡ್ ಮಾಡಿ, ಅದೇ ಕೆಟ್ಟ ಕಂಟ್ರೋಲರ್ ಮೂಲಕವೇ ಬರೆಯಲು ಹೋದರೆ ಅಲ್ಲೇ ಸಿಕ್ಕಿಬೀಳುತ್ತದೆ. ಆದ್ದರಿಂದ ಡಂಪ್ ಗುರಿಯನ್ನು ಎನ್‌ಎಫ್‌ಎಸ್ ಅಥವಾ ಎಸ್‌ಎಸ್‌ಎಚ್ ಮೂಲಕ ಇನ್ನೊಂದು ಯಂತ್ರಕ್ಕೆ ಇಡಿ. ಇನ್ನೊಂದು, ರೇಡ್ ಡ್ರೈವರ್‌ಗಳಿಗೆ ಬೇಕಾಗುವ ಮೆಮೊರಿ ಕಡಿಮೆಯೇನಲ್ಲ. ಡಂಪ್ ಕರ್ನಲ್ ಮೆಮೊರಿ ಸಾಲದೆ ಅರ್ಧಕ್ಕೇ ನಿಂತರೆ ‘ಕ್ರ್ಯಾಶ್‌ಕರ್ನಲ್’ ಬೂಟ್ ಆಯ್ಕೆಯನ್ನು 256 ಎಂಬಿಯಿಂದ 512 ಎಂಬಿಗೆ ಏರಿಸಿ.

ಡೇಟಾಬೇಸ್ ನಿಲ್ಲಿಸಿ, ಬಿಡುವಿನ ಹೊತ್ತಿನಲ್ಲಿ ಕರ್ನಲ್‌ಗೆ ನೇರ ಆದೇಶ ಕೊಡುವ ಸಿಸ್‌ಆರ್‌ಕ್ಯು ಟ್ರಿಗರ್‌ಗೆ ‘ಸಿ’ ಅಕ್ಷರ ಬರೆದು ಬೇಕೆಂದೇ ಪ್ಯಾನಿಕ್ ಮಾಡಿಸಿ ನೋಡಿ. ಈ ಪರೀಕ್ಷೆ ಮಾಡದ ಕೆಡಂಪ್ ಇದ್ದೂ ಇಲ್ಲದಂತೆ. ಆದರೆ ಕಂಟ್ರೋಲರ್ ಆರೋಗ್ಯವಾಗಿರುವಾಗ ಸ್ಥಳೀಯ ಡಿಸ್ಕಿಗೆ ಡಂಪ್ ಬಂದರೆ, ಕೆಟ್ಟಾಗಲೂ ಬರುತ್ತದೆ ಎಂದುಕೊಳ್ಳಬೇಡಿ. ಜತೆಗೆ ಕರ್ನಲ್ ಸಂದೇಶಗಳನ್ನು ನೆಟ್‌ವರ್ಕ್ ಮೂಲಕ ಇನ್ನೊಂದು ಯಂತ್ರಕ್ಕೆ ಕಳಿಸುವ ನೆಟ್‌ಕನ್ಸೋಲ್ ಹಾಕಿ, ಕನ್ಸೋಲ್ ಲಾಗ್ ಮಟ್ಟವನ್ನು 8ಕ್ಕೆ ಏರಿಸಿದರೆ ಕೊನೆಯ ಸಾಲುಗಳಾದರೂ ಸಿಗುತ್ತವೆ.

ಪ್ಯಾನಿಕ್ ಆಗದೆ ಯಂತ್ರ ಬರೀ ನೇತಾಡುತ್ತಿದ್ದರೆ ‘ಹಂಗ್_ಟಾಸ್ಕ್_ಪ್ಯಾನಿಕ್’ ಎಂಬ ಕರ್ನಲ್ ಆಯ್ಕೆಯ ಮೌಲ್ಯವನ್ನು 1 ಮಾಡಿ. 120 ಸೆಕೆಂಡಿಗೂ ಹೆಚ್ಚು ಸಿಕ್ಕಿಕೊಂಡ ಪ್ರೊಸೆಸ್ ಕಂಡರೆ ಕರ್ನಲ್ ತಾನೇ ಪ್ಯಾನಿಕ್ ಆಗಿ ಡಂಪ್ ಕೊಡುತ್ತದೆ.

ಈಗ ಓದುವ ಕೆಲಸ. ವಿಎಂಕೋರ್ ತೆರೆಯಲು ‘ಕ್ರ್ಯಾಶ್’ ಸಾಧನ ಬೇಕು. ಕ್ರ್ಯಾಶ್ ಆದ ಕರ್ನಲ್‌ನ ಆವೃತ್ತಿಗೇ ಸೇರಿದ ಡೀಬಗ್ ಪ್ಯಾಕೇಜ್ ಇಲ್ಲದಿದ್ದರೆ ಅದು ಕೆಲಸ ಮಾಡುವುದಿಲ್ಲ. ‘ಲಾಗ್’ (ಕರ್ನಲ್ ಸಂದೇಶಗಳು) ಮತ್ತು ‘ಬಿಟಿ’ (ಯಾವ ಫಂಕ್ಷನ್ ಯಾವುದನ್ನು ಕರೆದಿತ್ತು ಎಂಬ ಸರಣಿ) ಆದೇಶಗಳಿಂದ ಆರಂಭಿಸಿ. ಹಲವು ಊಪ್ಸ್ (ಕರ್ನಲ್ ತನ್ನ ದೋಷದ ಬಗ್ಗೆ ಕೊಡುವ ವರದಿ) ಕಂಡರೆ ಮೊದಲನೆಯದನ್ನೇ ಹಿಡಿಯಿರಿ. ಆ ವರದಿಯಲ್ಲಿ ಕರ್ನಲ್‌ನ ಸ್ಥಿತಿ ಹೇಳುವ ಅಕ್ಷರಗಳಾದ ಟೇಂಟ್ ಗುರುತಿನಲ್ಲಿ ‘ಡಿ’ ಇದ್ದರೆ ಅದಕ್ಕೂ ಮುಂಚೆ ಒಂದು ಊಪ್ಸ್ ಆಗಿಹೋಗಿದೆ ಎಂದರ್ಥ.

ಬಿದ್ದ ಕ್ಷಣದಲ್ಲಿ ಓಡುತ್ತಿದ್ದ ಕೋಡ್ ತೋರಿಸುವ ಆರ್‌ಐಪಿ ಸಾಲಿನಲ್ಲಿ ಮೆಗಾರೇಡ್ ಹೆಸರಿದೆ ಎಂದ ಮಾತ್ರಕ್ಕೆ ತೀರ್ಪು ಕೊಡಬೇಡಿ. ಅದು ಬಿದ್ದ ಜಾಗ, ತಳ್ಳಿದವರು ಬೇರೆ ಇರಬಹುದು. ಅದಕ್ಕೂ ಹಿಂದಿನ ಕೆಲವು ನಿಮಿಷಗಳ ಲಾಗ್ ನೋಡಿ. ಡಿಸ್ಕಿಗೆ ಕಳಿಸುವ ಸ್ಕಸಿ ಆದೇಶಕ್ಕೆ ಸಾಮಾನ್ಯವಾಗಿ 30 ಸೆಕೆಂಡ್ ಗಡುವು. ಅದು ಮೀರಿದರೆ ಕರ್ನಲ್ ಮೊದಲು ಆದೇಶ ರದ್ದು ಮಾಡಲು ಯತ್ನಿಸುತ್ತದೆ, ಆಮೇಲೆ ಡಿಸ್ಕ್ ರೀಸೆಟ್, ಕೊನೆಗೆ ಇಡೀ ಕಂಟ್ರೋಲರ್ ರೀಸೆಟ್. ಫರ್ಮ್‌ವೇರ್ (ಕಾರ್ಡ್‌ನೊಳಗಿನ ತಂತ್ರಾಂಶ) ‘ಫಾಲ್ಟ್’ ಸ್ಥಿತಿಗೆ ಹೋಗಿದೆ ಎಂಬ ಸಾಲು ಮೊದಲು ಬಂದು, ರೀಸೆಟ್ ನಡುವೆ ಡ್ರೈವರ್ ಬಿದ್ದಿದ್ದರೆ ದೋಷ ಎರಡು: ಕಾರ್ಡ್ ಅಥವಾ ಅದರ ಫರ್ಮ್‌ವೇರ್‌ನದ್ದು ಒಂದು, ರೀಸೆಟ್ ಸರಿಯಾಗಿ ನಿಭಾಯಿಸದ ಡ್ರೈವರ್‌ನದ್ದು ಇನ್ನೊಂದು. ರೀಸೆಟ್ ಹಾದಿಯ ಕೋಡ್ ದಿನನಿತ್ಯ ಓಡುವಂಥದ್ದಲ್ಲ, ಅದಕ್ಕೇ ಅಲ್ಲಿ ಬಗ್‌ಗಳು ಬಹುಕಾಲ ಅಡಗಿರುತ್ತವೆ.

ಪ್ರತಿಸಲವೂ ಅದೇ ಫಂಕ್ಷನ್, ಅದರೊಳಗೆ ಅದೇ ಜಾಗ (ಆಫ್‌ಸೆಟ್) ಇದ್ದು ಮುಂಚೆ ಯಾವ ದೂರೂ ಇಲ್ಲದಿದ್ದರೆ ಡ್ರೈವರ್ ಬಗ್ ಸಾಧ್ಯತೆಯೇ ಹೆಚ್ಚು. ಪ್ರತಿಸಲ ಬೇರೆ ಬೇರೆ ಜಾಗದಲ್ಲಿ ಬಿದ್ದರೆ ರ್‍ಯಾಮ್ ಪರೀಕ್ಷಿಸಿ. ಕಾರ್ಡ್ ತನ್ನದಲ್ಲದ ಮೆಮೊರಿಗೆ ಬರೆಯುತ್ತಿರುವ ಅನುಮಾನವೂ ಇದ್ದರೆ, ಸಾಧನಗಳು ಯಾವ ಮೆಮೊರಿ ಮುಟ್ಟಬಹುದೆಂದು ನಿಯಂತ್ರಿಸುವ ಐಒಎಂಎಂಯು ಆನ್ ಮಾಡಿ, ತಪ್ಪು ಬರಹ ತಡೆದಾಗ ಲಾಗ್‌ನಲ್ಲಿ ಆ ಸಾಧನದ ಪಿಸಿಐ ವಿಳಾಸವೇ ಬರುತ್ತದೆ. ರಿಜಿಸ್ಟರ್ ಓದಿದಾಗ ಬರೀ ‘ಎಫ್’ಗಳು ಬಂದರೆ ಕಾರ್ಡ್ ಬಸ್‌ನಿಂದಲೇ ಕಳಚಿದಂತೆ, ಸ್ಲಾಟ್, ರೈಸರ್, ಶಾಖ, ವಿದ್ಯುತ್ ನೋಡಿ.

ಇಷ್ಟಾದ ಮೇಲೆ ಬದಲಾವಣೆ ಮಾಡಿ, ಒಮ್ಮೆಗೆ ಒಂದೇ. ಡ್ರೈವರ್ ಹೊಸದು ಹಾಕಿದರೆ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆರಂಭದಲ್ಲಿ ಬೇಕಾಗುವ ಡ್ರೈವರ್‌ಗಳ ಕಟ್ಟು) ಮತ್ತೆ ಕಟ್ಟಲೇಬೇಕು, ಇಲ್ಲದಿದ್ದರೆ ಬೂಟ್‌ನಲ್ಲಿ ಹಳೆಯದೇ ಲೋಡ್ ಆಗುತ್ತದೆ. ‘ಮಾಡ್‌ಇನ್ಫೋ’ ತೋರಿಸುವುದು ಡಿಸ್ಕಿನಲ್ಲಿರುವ ಫೈಲಿನ ಆವೃತ್ತಿಯನ್ನು. ಈಗ ಓಡುತ್ತಿರುವುದು ಯಾವುದೆಂದು ತಿಳಿಯಲು ‘/ಸಿಸ್/ಮಾಡ್ಯೂಲ್/ಮೆಗಾರೇಡ್_ಸಾಸ್/ವರ್ಷನ್’ ಓದಿ.