ಟಿಕೆಟ್ ಯಂತ್ರದ ಜೊತೆ ಮಾತುಕತೆ: ಡೈಲಾಗ್ ಚಿತ್ರ ಬರೆಯುವುದು ಹೇಗೆ?

ಯಂತ್ರ ಕೇಳುತ್ತದೆ, ನಾವು ಹೇಳುತ್ತೇವೆ, ಅದು ಮುಂದಿನದನ್ನು ಕೇಳುತ್ತದೆ. ಈ ಸರದಿಯೇ ಡೈಲಾಗ್. 1983ರಲ್ಲಿ ಜರ್ಮನಿಯ ಸೀಹೈಮ್‌ನಲ್ಲಿ ನಡೆದ ಕಾರ್ಯಾಗಾರದಿಂದ, ಹೀಗೆ ಬಳಕೆದಾರರ ಜೊತೆ ಮಾತಾಡುವ ತಂತ್ರಾಂಶಕ್ಕೆ ಒಂದು ಮಾದರಿ ಬಂತು. ಅದರಲ್ಲಿ ಮೂರು ಭಾಗಗಳಿವೆ: ತೆರೆಯ ಮೇಲೆ ಕಾಣುವುದು, ಡೈಲಾಗ್ ನಿಯಂತ್ರಣ, ಒಳಗಿನ ಕೆಲಸಕ್ಕೆ ಕೊಂಡಿ. ನಾವು ನೋಡಬೇಕಾದದ್ದು ನಡುವಿನದನ್ನು.

ಮುಂಬೈನ ಮಾಟುಂಗಾದಲ್ಲಿ ಗೆಳತಿಯ ಮನೆಯಲ್ಲಿ ಕೂತು ನಾವೇ ಒಂದು ಲೋಕಲ್ ರೈಲಿನ ಟಿಕೆಟ್ ಯಂತ್ರ ಕಲ್ಪಿಸಿಕೊಂಡೆವು. ನಿಲ್ದಾಣ, ಟಿಕೆಟ್ ಬಗೆ, ಹಣ, ಮುದ್ರಣ. ಒಂದೊಂದಕ್ಕೂ ಒಂದು ವೃತ್ತ, ನಡುವೆ ಬಾಣ. ಒಂದೊಂದು ವೃತ್ತವೂ ಯಂತ್ರದ ಒಂದು ಸ್ಥಿತಿ, ಹಾಗಾಗಿ ಇದು ಸ್ಥಿತಿ ಚಿತ್ರ. ಸುಲಭ ಅಲ್ವಾ? ಆದರೆ 'ರದ್ದು' ಗುಂಡಿ ಸೇರಿಸಿದ ಕೂಡಲೇ ಪ್ರತಿ ವೃತ್ತದಿಂದಲೂ ಒಂದೊಂದು ಬಾಣ ಎಳೆಯಬೇಕಾಯಿತು. ಹಾಳೆ ತುಂಬಾ ಗೀಟು.

ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಹರೆಲ್ 1987ರಲ್ಲಿ ಪ್ರಕಟಿಸಿದ ಸ್ಟೇಟ್‌ಚಾರ್ಟ್, ಅಂದರೆ ಸ್ಥಿತಿ ಚಿತ್ರದ ಸುಧಾರಿತ ರೂಪ, ನನಗೆ ಇಷ್ಟವಾಗುವುದು ಇಲ್ಲೇ. ವೃತ್ತಗಳ ಸುತ್ತ ಒಂದು ಪೆಟ್ಟಿಗೆ ಎಳೆದು, ಅದರ ಅಂಚಿನಿಂದ ಒಂದೇ 'ರದ್ದು' ಬಾಣ ಬಿಟ್ಟರೆ ಒಳಗಿನ ಎಲ್ಲದಕ್ಕೂ ಅನ್ವಯಿಸುತ್ತದೆ. ಪೆಟ್ಟಿಗೆ ಎಳೆಯುವಾಗಲೇ ಪ್ರಶ್ನೆ ಎದ್ದಿತು: ಮುದ್ರಣ ಒಳಗೋ, ಹೊರಗೋ? ಟಿಕೆಟ್ ಹೊರಬರುವಾಗ ರದ್ದು ಒತ್ತಿದರೆ ಏನರ್ಥ? ಮುದ್ರಣವನ್ನು ಹೊರಗಿಟ್ಟೆವು.

ಅಷ್ಟರಲ್ಲಿ ಗೆಳತಿಯ ಅಮ್ಮ ಹಾಳೆ ನೋಡಿ ಕೇಳಿದರು: "ಡೊಂಬಿವಲಿ ಅಂತ ಒತ್ತಿದ ಮೇಲೆ ಭಾಷೆ ಬದಲಿಸಿದ್ರೆ ಮತ್ತೆ ಮೊದಲಿಂದ ಒತ್ತಬೇಕಾ?" ಎಷ್ಟು ಒಳ್ಳೆಯ ಪ್ರಶ್ನೆ! ಮೂರು ಭಾಷೆ, ಹೋಗಲು ಮಾತ್ರ ಅಥವಾ ಹೋಗಿ ಬರಲು, ಫಸ್ಟ್ ಅಥವಾ ಸೆಕೆಂಡ್ ಕ್ಲಾಸ್. ಸಾದಾ ಚಿತ್ರದಲ್ಲಿ ಇದಕ್ಕೇ 3×2×2, ಅಂದರೆ 12 ಸ್ಥಿತಿ ಬೇಕು. ಸ್ಟೇಟ್‌ಚಾರ್ಟ್‌ನಲ್ಲಿ ಪೆಟ್ಟಿಗೆಯನ್ನು ಚುಕ್ಕೆಗೆರೆಯಿಂದ ಭಾಗ ಮಾಡಿದರೆ 3+2+2, ಏಳೇ ಸಾಕು. ಭಾಗಗಳು ಒಟ್ಟಿಗೇ ನಡೆಯುತ್ತವೆ, ಒಂದು ಬದಲಾದರೆ ಇನ್ನೊಂದು ಅಲುಗುವುದಿಲ್ಲ. ನಿಲ್ದಾಣಕ್ಕೂ ಹೀಗೇ ಬೇರೆ ಭಾಗ ಕೊಟ್ಟೆವು. ಭಾಷೆ ಬದಲಿಸಿದರೂ ಡೊಂಬಿವಲಿ ಹಾಗೇ ಇರುತ್ತದೆ.

ಡೈಲಾಗ್ ಬರೆದಿಡಲು ವ್ಯಾಕರಣ ಸೂತ್ರ, ಪೆಟ್ರಿ ನೆಟ್ (ಇನ್ನೊಂದು ಬಗೆಯ ಚಿತ್ರ) ಅನ್ನುವ ಬೇರೆ ದಾರಿಗಳೂ ಇವೆ. ಮೊದಲು ಇದು ಕೈಗೆ ಹತ್ತಲಿ.

ಈಗ ನೀವೇ 'ಸಹಾಯ' ಗುಂಡಿ ಸೇರಿಸಿ ನೋಡಿ. ಸಹಾಯ ಓದಿ ಮುಗಿಸಿದವರು ಬಿಟ್ಟ ಜಾಗಕ್ಕೇ ವಾಪಸ್ ಬರಬೇಕು. ಅದಕ್ಕೆ ಹರೆಲ್ ಕೊಟ್ಟ ಗುರುತು ಪುಟ್ಟ ವೃತ್ತದೊಳಗಿನ 'ಎಚ್' (H, ಅಂದರೆ ಹಿಸ್ಟರಿ) ಅಕ್ಷರ. ವಾಪಸ್ ಬರುವ ಬಾಣದ ತುದಿಯನ್ನು ಅದಕ್ಕೆ ತಾಗಿಸಿ.