ಹಳೇ ವೆಬ್‌ಸೈಟ್ ನಡೀತಾ ಇರುವಾಗಲೇ ವರ್ಡ್‌ಪ್ರೆಸ್ ಹಾಕಬಹುದಾ?

ಪ್ರಶ್ನೆ: ಕೋಲಾರ ಜಿಲ್ಲೆ ಶ್ರೀನಿವಾಸಪುರದ ಹತ್ತಿರ ನಮ್ಮದು ಮಾವಿನ ತೋಟ. ತುಂಬಾ ಹಿಂದೆ ಒಬ್ಬರು ಎಚ್‌ಟಿಎಂಎಲ್‌ನಲ್ಲಿ ವೆಬ್‌ಸೈಟ್ ಮಾಡಿಕೊಟ್ಟಿದ್ದರು. ಬೆಂಗಳೂರಿನ ಗಿರಾಕಿಗಳು ಅದನ್ನು ನೋಡಿಯೇ ಬಾಕ್ಸ್ ಆರ್ಡರ್ ಮಾಡುತ್ತಾರೆ. ಆದರೆ ಒಂದು ರೇಟ್ ಬದಲಿಸಬೇಕಾದರೂ ಯಾರನ್ನಾದರೂ ಹುಡುಕಿಕೊಂಡು ಹೋಗಬೇಕು. ಕೋಡ್ ಬಾರದವರೂ ತಾವೇ ಪುಟ ಬದಲಿಸಬಹುದಾದ ವರ್ಡ್‌ಪ್ರೆಸ್ ಅನ್ನೋ ಸಾಫ್ಟ್‌ವೇರ್ ಹಾಕೋಣ ಅಂತಾಳೆ ಮಗಳು. ಅದಕ್ಕೆ ಹಳೇ ಸೈಟನ್ನು ಮೊದಲು ಅಳಿಸಬೇಕಾ? ಎಷ್ಟು ದಿನ ಸೈಟ್ ಬಂದ್ ಆಗುತ್ತದೆ?

ಉತ್ತರ: ಅಳಿಸಬೇಡಿ. ಬಂದ್ ಮಾಡುವುದೂ ಬೇಡ. ಹಳೆಯದು, ಹೊಸದು ಎರಡೂ ಒಂದೇ ಹೋಸ್ಟಿಂಗ್‌ನಲ್ಲಿ (ಸೈಟಿನ ಫೈಲ್‌ಗಳಿಗೆ ಬಾಡಿಗೆಗೆ ಪಡೆದ ಜಾಗ), ಒಂದೇ ಡೊಮೇನ್ (ಸೈಟಿನ ಹೆಸರು) ಕೆಳಗೆ ತಿಂಗಳುಗಟ್ಟಲೆ ಜೊತೆಗಿರಬಹುದು. ಕೊನೆಗೆ ಹಳೆಯದರಿಂದ ಹೊಸದಕ್ಕೆ ದಾಟುವ ಕೆಲಸ ಕೆಲವೇ ನಿಮಿಷದ್ದು.

ಇದು ಹೇಗೆ ಸಾಧ್ಯ ಅಂದರೆ, ಸರ್ವರ್ (ಕೇಳಿದವರಿಗೆ ಪುಟ ಕೊಡುವ ಕಂಪ್ಯೂಟರ್) ಒಂದು ಸರಳ ನಿಯಮದ ಮೇಲೆ ನಡೆಯುತ್ತದೆ. ಯಾರಾದರೂ ಒಂದು ವಿಳಾಸ ಕೇಳಿದಾಗ, ಆ ಹೆಸರಿನ ಫೈಲ್ ಅಥವಾ ಫೋಲ್ಡರ್ ನಿಜಕ್ಕೂ ಇದ್ದರೆ ಅದನ್ನೇ ಕೊಡುತ್ತದೆ. ಇಲ್ಲದಿದ್ದರೆ ಮಾತ್ರ ವರ್ಡ್‌ಪ್ರೆಸ್‌ಗೆ ದಾಟಿಸುತ್ತದೆ. ಅಪಾಚೆ ಅನ್ನುವ ಸರ್ವರ್ ಸಾಫ್ಟ್‌ವೇರ್ ಇರುವ ಕಡೆ ವರ್ಡ್‌ಪ್ರೆಸ್ ತಾನೇ ಬರೆದುಕೊಳ್ಳುವ ಸಾಲುಗಳಲ್ಲೇ ಈ ಷರತ್ತು ಇದೆ. ಈ ನಿಯಮವನ್ನು ನೆನಪಿಟ್ಟುಕೊಳ್ಳಿ. ಕೆಲಸ ನಡೆಯುವಷ್ಟು ದಿನ ಹಳೇ ಸೈಟನ್ನು ಕಾಯುವುದು ಇದೇ, ಆಮೇಲೆ ಕಾಟ ಕೊಡುವುದೂ ಇದೇ.

ಮೊದಲು ಹಳೇ ಫೈಲ್‌ಗಳನ್ನೆಲ್ಲ ನಿಮ್ಮ ಕಂಪ್ಯೂಟರ್‌ಗೆ ಇಳಿಸಿಟ್ಟುಕೊಳ್ಳಿ. ಆಮೇಲೆ ಹೋಸ್ಟಿಂಗ್‌ನ ಮುಖ್ಯ ಫೋಲ್ಡರ್ ಒಳಗೆ ಇನ್ನೊಂದು ಫೋಲ್ಡರ್ ಮಾಡಿ, ವರ್ಡ್‌ಪ್ರೆಸ್ ಅನ್ನು ಅದರೊಳಗೆ ಹಾಕಿ. ಮುಖ್ಯ ಫೋಲ್ಡರ್‌ಗೇ ಸುರಿಯಬೇಡಿ. ಅಲ್ಲಿ ಹಳೇ ಸೈಟಿನ ಮುಖಪುಟವಾದ ಇಂಡೆಕ್ಸ್.ಎಚ್‌ಟಿಎಂಎಲ್, ವರ್ಡ್‌ಪ್ರೆಸ್‌ನ ಇಂಡೆಕ್ಸ್.ಪಿಎಚ್‌ಪಿ ಎರಡೂ ಇದ್ದರೆ ಯಾವುದು ಮೊದಲು ತೆರೆಯಬೇಕು ಅನ್ನುವುದು ಆಯಾ ಸರ್ವರ್‌ನ ಸೆಟ್ಟಿಂಗ್‌ಗೆ ಬಿಟ್ಟಿದ್ದು. ಕೆಲವು ಕಡೆ ಪಿಎಚ್‌ಪಿಗೇ ಮೊದಲ ಸ್ಥಾನ. ಅಂಥ ಕಡೆ ನಿಮ್ಮ ಗಿರಾಕಿಗೆ ತೋಟದ ಬದಲು ವರ್ಡ್‌ಪ್ರೆಸ್‌ನ ಇನ್‌ಸ್ಟಾಲ್ ಪುಟ ಕಾಣುತ್ತದೆ.

ಫೋಲ್ಡರ್‌ಗೆ ‘ಟೆಸ್ಟ್’ ಅಂತ ಹೆಸರಿಡಲು ಕೈ ಹೋಗುತ್ತದೆ. ಬೇಡ. ವರ್ಡ್‌ಪ್ರೆಸ್ ಕೊನೆಯವರೆಗೂ ಅದೇ ಫೋಲ್ಡರ್‌ನಲ್ಲಿ ಉಳಿಯುವುದರಿಂದ, ಮುಂದೆ ನೀವು ಹಾಕುವ ಒಂದೊಂದು ಹಣ್ಣಿನ ಫೋಟೋದ ವಿಳಾಸದಲ್ಲೂ ‘ಟೆಸ್ಟ್’ ಇರುತ್ತದೆ. ‘ಸೈಟ್’ ಅಂತಲೋ ಏನೋ ಒಂದು ಸಾದಾ ಹೆಸರು ಸಾಕು.

ಫೈಲ್ ಏರಿಸಿ, ‘ಉಳಿದದ್ದು ನಾಳೆ ನೋಡೋಣ’ ಅಂತ ಎದ್ದು ಹೋಗಬೇಡಿ. ಅರ್ಧಕ್ಕೆ ನಿಂತ ವರ್ಡ್‌ಪ್ರೆಸ್‌ನ ಸೆಟಪ್ ಪುಟ ಯಾರಿಗೆ ಬೇಕಾದರೂ ತೆರೆದುಕೊಳ್ಳುತ್ತದೆ. ಅಂಥದ್ದನ್ನೇ ಹುಡುಕುತ್ತಾ ಅಲೆಯುವ ಪ್ರೋಗ್ರಾಂಗಳಿವೆ. ಅವು ತಮ್ಮದೇ ಡೇಟಾಬೇಸ್ ಜೋಡಿಸಿ ಸೆಟಪ್ ಮುಗಿಸಿಬಿಟ್ಟರೆ ನಿಮ್ಮ ಹೋಸ್ಟಿಂಗ್ ಬೀಗದ ಕೈ ಅವನ್ನು ಬಿಟ್ಟವರದ್ದು. ಡೇಟಾಬೇಸ್, ಪಾಸ್‌ವರ್ಡ್ ಎಲ್ಲ ಕೊಟ್ಟು ಒಂದೇ ಕೂತಲ್ಲಿ ಮುಗಿಸಿ.

ಹೊಸ ವರ್ಡ್‌ಪ್ರೆಸ್‌ಗೆ ಪಿಎಚ್‌ಪಿಯ (ಅದನ್ನು ಬರೆದಿರುವ, ಸರ್ವರ್‌ನಲ್ಲಿ ಓಡುವ ಪ್ರೋಗ್ರಾಂ ಭಾಷೆ) ಹೊಸ ಆವೃತ್ತಿ ಬೇಕು. ನಿಮ್ಮ ಪುಟಗಳು ಬರೀ ಎಚ್‌ಟಿಎಂಎಲ್ ಆದರೆ ಪಿಎಚ್‌ಪಿ ಬದಲಿಸಿದರೂ ಅವಕ್ಕೆ ಏನೂ ಆಗುವುದಿಲ್ಲ. ಆದರೆ ಆರ್ಡರ್ ಫಾರ್ಮ್ ಹಿಂದೆ ಒಂದು ಹಳೇ ಪಿಎಚ್‌ಪಿ ಫೈಲ್ ಇದ್ದರೆ ಅದು ಸದ್ದಿಲ್ಲದೆ ಕೆಟ್ಟು ಕೂರಬಹುದು. ಬದಲಿಸಿದ ಕೂಡಲೇ ನೀವೇ ಒಂದು ಆರ್ಡರ್ ಹಾಕಿ, ಮೇಲ್ ಬಂತಾ ನೋಡಿ.

ವರ್ಡ್‌ಪ್ರೆಸ್ ಸೆಟ್ಟಿಂಗ್ಸ್‌ನ ರೀಡಿಂಗ್ ಪುಟದಲ್ಲಿ ಸರ್ಚ್ ಎಂಜಿನ್‌ಗಳನ್ನು ದೂರವಿಡುವ ಒಂದು ಟಿಕ್ ಇದೆ. ಸದ್ಯಕ್ಕೆ ಅದನ್ನು ಹಾಕಿ. ಅರ್ಧಂಬರ್ಧ ಸೈಟ್ ಗೂಗಲ್‌ಗೆ ಸಿಗಬಾರದು, ಅಲ್ವಾ? ಸೈಟ್ ಶುರುವಾದ ದಿನ ಮಾತ್ರ ಮರೆಯದೆ ತೆಗೆಯಿರಿ.

ಈಗ ಕನ್ನಡದ ವಿಷಯ. ಹಳೇ ಪುಟಗಳನ್ನು ನುಡಿಯ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ, ಕಾಪಿ ಮಾಡಿ ವರ್ಡ್‌ಪ್ರೆಸ್‌ಗೆ ಅಂಟಿಸಿದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಆಸ್ಕಿಯಿಂದ (ಆ ಹಳೇ ಫಾಂಟ್‌ಗಳ ಪದ್ಧತಿ) ಯೂನಿಕೋಡ್‌ಗೆ (ಈಗ ಎಲ್ಲ ಕಡೆ ಓದಲು ಬರುವ ಪದ್ಧತಿ) ಬದಲಿಸುವ ಕನ್ವರ್ಟರ್‌ಗಳಿವೆ, ಅದರಲ್ಲಿ ಹಾಕಿ ತೆಗೆಯಿರಿ. ಒತ್ತಕ್ಷರ, ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾರೆ ಓದಿ.

ಇನ್ನೊಂದು ತೊಡಕು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಕನ್ನಡದಲ್ಲಿ ಶೀರ್ಷಿಕೆ ಕೊಟ್ಟರೆ ವರ್ಡ್‌ಪ್ರೆಸ್ ಪುಟದ ವಿಳಾಸವನ್ನೂ ಕನ್ನಡದಲ್ಲೇ ಮಾಡುತ್ತದೆ. ಒಳಗೆ ಮಾತ್ರ ಒಂದೊಂದು ಅಕ್ಷರಕ್ಕೂ ಶೇಕಡಾ ಚಿಹ್ನೆ ಸೇರಿದ ಸಂಕೇತವಾಗಿ 9 ಸ್ಥಾನ ಹೋಗುತ್ತದೆ. ಕಾಗುಣಿತದ ಚಿಹ್ನೆ, ಒತ್ತಿನ ಚಿಹ್ನೆಗೂ ಅಷ್ಟೇ. ಒಟ್ಟು ಇರುವ ಜಾಗ 200. ‘ರಸಪುರಿ ಮಾವಿನ ಹಣ್ಣಿನ ಇವತ್ತಿನ ಬೆಲೆ’ ಅಂತ ಬರೆದರೆ ವಿಳಾಸ ‘ಇವತ್’ ಅನ್ನುವಲ್ಲಿಗೆ ತುಂಡಾಗುತ್ತದೆ. ವಾಟ್ಸಾಪ್‌ನಲ್ಲಿ ಕಳಿಸಿದರೆ ಲಿಂಕ್ ಮಾರುದ್ದ ಕಾಣಬಹುದು. ಶೀರ್ಷಿಕೆ ಕನ್ನಡದಲ್ಲೇ ಇರಲಿ. ವಿಳಾಸವನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ನೀವೇ ಬರೆದುಬಿಡಿ.

ನನ್ನ ಕೇಳಿದರೆ ವರ್ಡ್‌ಪ್ರೆಸ್ ಹಾಕುವುದು ದೊಡ್ಡ ಕೆಲಸವೇ ಅಲ್ಲ. ಹಳೇ ವಿಳಾಸಗಳ ಪಟ್ಟಿ ಮಾಡುವುದೇ ನಿಜವಾದ ಕೆಲಸ. ಬಾದಾಮಿ, ಮಲ್ಲಿಕಾ, ತೋತಾಪುರಿ ಅಂತ ಒಂದೊಂದು ತಳಿಗೂ ಒಂದೊಂದು ಎಚ್‌ಟಿಎಂಎಲ್ ಪುಟ ಇರಬಹುದು. ಗೂಗಲ್‌ನಲ್ಲಿ ಹುಡುಕಿದವರು, ಹೋದ ವರ್ಷದ ವಾಟ್ಸಾಪ್ ಮೆಸೇಜ್ ಒತ್ತಿದವರು ಬರುವುದು ಆ ಪುಟಗಳಿಗೆ. ಪ್ರತಿ ಹಳೇ ವಿಳಾಸದ ಎದುರು ಅದರ ಹೊಸ ವಿಳಾಸ ಬರೆದಿಟ್ಟುಕೊಳ್ಳಿ. 301 ರೀಡೈರೆಕ್ಟ್ ಹಾಕಿದರೆ ಹಳೇ ಲಿಂಕ್ ಒತ್ತಿದವರು ತಾವಾಗಿ ಹೊಸ ಪುಟಕ್ಕೆ ಬರುತ್ತಾರೆ. ಅದನ್ನು ಕನಿಷ್ಠ 1 ವರ್ಷ ಇಡಿ ಅನ್ನುತ್ತದೆ ಗೂಗಲ್. ನಾನಾದರೆ ತೆಗೆಯುವುದೇ ಇಲ್ಲ. ಎಲ್ಲ ಹಳೇ ಪುಟಗಳನ್ನೂ ಮುಖಪುಟಕ್ಕೆ ತಿರುಗಿಸಿ ಕೈತೊಳೆದುಕೊಳ್ಳುವವರಿದ್ದಾರೆ. ಮಲ್ಲಿಕಾ ಹುಡುಕಿ ಬಂದವನು ಮುಖಪುಟದಲ್ಲಿ ಏನು ಮಾಡಬೇಕು?

ದಾಟುವ ದಿನ ಸೆಟ್ಟಿಂಗ್ಸ್‌ನ ಜನರಲ್ ಪುಟದಲ್ಲಿ ಎರಡು ವಿಳಾಸ ಕಾಣುತ್ತವೆ. ಮೊದಲನೆಯದು ವರ್ಡ್‌ಪ್ರೆಸ್ ಅಡ್ರೆಸ್, ಅದನ್ನು ಮುಟ್ಟಬೇಡಿ. ಮುಟ್ಟಿದರೆ ಲಾಗಿನ್ ಪುಟವೇ ಸಿಗದೆ ಹೋಗಬಹುದು. ಎರಡನೆಯದಾದ ಸೈಟ್ ಅಡ್ರೆಸ್‌ನಿಂದ ಫೋಲ್ಡರ್ ಹೆಸರು ತೆಗೆದು ಬರೀ ಡೊಮೇನ್ ಉಳಿಸಿ. ಆಮೇಲೆ ಒಳಗಿನ ಇಂಡೆಕ್ಸ್.ಪಿಎಚ್‌ಪಿಯನ್ನು ಮುಖ್ಯ ಫೋಲ್ಡರ್‌ಗೆ ಕಾಪಿ ಮಾಡಿ. ಅದರಲ್ಲಿ ಬ್ಲಾಗ್-ಹೆಡರ್ ಫೈಲ್‌ನ ದಾರಿ ಹೇಳುವ ಒಂದು ಸಾಲಿದೆ, ಅಲ್ಲಿ ಫೋಲ್ಡರ್ ಹೆಸರು ಸೇರಿಸಿ. ಹಳೇ ಇಂಡೆಕ್ಸ್.ಎಚ್‌ಟಿಎಂಎಲ್‌ನ ಹೆಸರು ಬದಲಿಸಿ. ಕೊನೆಗೆ ಸೆಟ್ಟಿಂಗ್ಸ್‌ನಲ್ಲಿ ಪುಟಗಳ ವಿಳಾಸದ ರೂಪ ಇರುವ ಪರ್ಮಾಲಿಂಕ್ ಪುಟ ತೆರೆದು ಸುಮ್ನೆ ಸೇವ್ ಒತ್ತಿ. ಹೊಸ ಸೈಟ್ ಶುರು. ಏನಾದರೂ ಎಡವಟ್ಟಾದರೆ ಇಂಡೆಕ್ಸ್.ಪಿಎಚ್‌ಪಿ ತೆಗೆದು, ಹಳೇ ಫೈಲ್‌ಗೆ ಹಳೇ ಹೆಸರು ಕೊಡಿ. ಮೊದಲಿನ ಸೈಟ್ ವಾಪಸ್.

ಮೇಲೆ ಹೇಳಿದ ನಿಯಮ ಕಾಟ ಕೊಡುವುದು ಈಗ. ಹಳೇ ರೇಟ್ ಪುಟದ ಫೈಲ್ ಅಲ್ಲೇ ಬಿದ್ದಿದ್ದರೆ ಸರ್ವರ್ ಅದನ್ನೇ ಕೊಡುತ್ತಾ ಇರುತ್ತದೆ. ವರ್ಡ್‌ಪ್ರೆಸ್ ಒಳಗೆ ಹಾಕಿದ ರೀಡೈರೆಕ್ಟ್ ಪ್ಲಗಿನ್‌ಗೆ (ಸೇರಿಸಿಕೊಳ್ಳುವ ಚಿಕ್ಕ ಸಾಫ್ಟ್‌ವೇರ್) ಆ ಕೋರಿಕೆ ತಲುಪುವುದೇ ಇಲ್ಲ. ಗಿರಾಕಿ ಹೋದ ವರ್ಷದ ರೇಟ್ ಹಿಡಿದು ಜಗಳಕ್ಕೆ ಬರುತ್ತಾನೆ. ಹಳೇ ಫೋಲ್ಡರ್ ಒಂದರ ಹೆಸರೂ ಹೊಸ ಪುಟದ ವಿಳಾಸವೂ ಒಂದೇ ಆದರೂ ಇದೇ ಗತಿ, ಪುಟ ತೆರೆಯದೆ ‘ಅನುಮತಿ ಇಲ್ಲ’ ಅನ್ನಬಹುದು. ಹಾಗಾಗಿ ಎರಡು ದಿನ ನೋಡಿ, ಎಲ್ಲ ಸರಿ ಇದ್ದರೆ ಹಳೇ ಎಚ್‌ಟಿಎಂಎಲ್ ಫೈಲ್‌ಗಳನ್ನು ಮುಖ್ಯ ಫೋಲ್ಡರ್‌ನಿಂದ ಹೊರಗೆ ಸರಿಸಿ.

ಇದೆಲ್ಲ ಈಗಿರುವ ಹೋಸ್ಟಿಂಗ್‌ನಲ್ಲೇ ಮುಂದುವರಿದರೆ. ಇದೇ ನೆಪದಲ್ಲಿ ಹೋಸ್ಟಿಂಗ್ ಕಂಪನಿಯನ್ನೂ ಬದಲಿಸುವ ಯೋಚನೆ ಇದ್ದರೆ, ಎರಡನ್ನೂ ಒಂದೇ ದಿನ ಮಾಡಬೇಡಿ. ನೇಮ್‌ಸರ್ವರ್ (ಡೊಮೇನ್ ಎಲ್ಲಿಗೆ ಹೋಗಬೇಕು ಅಂತ ಹೇಳುವ ಸರ್ವರ್) ಬದಲಿಸುವ ಮುಂಚೆ ಹಳೇ ಎಂಎಕ್ಸ್ ದಾಖಲೆಗಳನ್ನು (ಇಮೇಲ್ ಎಲ್ಲಿಗೆ ತಲುಪಬೇಕು ಅನ್ನುವ ಸಾಲುಗಳು) ಬರೆದಿಟ್ಟುಕೊಂಡು ಹೊಸ ಕಡೆ ಹಾಕಿ. ಇಲ್ಲದಿದ್ದರೆ ಸೈಟ್ ಚೆನ್ನಾಗೇ ನಡೆಯುತ್ತಿರುತ್ತದೆ, ಡೊಮೇನ್ ಹೆಸರಿನ ಇಮೇಲ್ ಮಾತ್ರ ನಿಂತಿರುತ್ತದೆ.

ಕೆಲಸ ಯಾವಾಗ ಅಂದರೆ, ಮರ ಹೂ ಬಿಡುವ ಹೊತ್ತಿಗೆ ಶುರು ಮಾಡಿ, ಏಪ್ರಿಲ್ ಒಳಗೆ ಹೊಸ ಸೈಟ್‌ಗೆ ದಾಟಿಬಿಡಿ. ಅಷ್ಟರಲ್ಲಿ ಆಗದಿದ್ದರೆ ಮೇ ಇಂದ ಜುಲೈವರೆಗೆ ಹಳೇ ಸೈಟೇ ಓಡಲಿ. ಸೀಸನ್ ಮುಗಿದ ಮೇಲೆ ನಿಧಾನವಾಗಿ ಮಾಡಿ.